ಪ್ಯಾಂಕ್ರಿಯಾಸಿನ ಗುಳ್ಳೆ: ಅಳತೆಗಿಂತ ಮೊದಲು ನಾಳ ನೋಡಿ

ಇನ್ಯಾವುದಕ್ಕೋ ಹೊಟ್ಟೆಯ ಸ್ಕ್ಯಾನ್ ಮಾಡಿಸಿರುತ್ತಾರೆ. ವರದಿಯಲ್ಲಿ 'ಪ್ಯಾಂಕ್ರಿಯಾಸಿನಲ್ಲಿ ಸಿಸ್ಟ್' ಅಂತ ಬರುತ್ತದೆ, ಅಂದರೆ ಮೇದೋಜ್ಜೀರಕ ಗ್ರಂಥಿಯಲ್ಲಿ ದ್ರವ ತುಂಬಿದ ಗುಳ್ಳೆ. ಕೆಲವರು ಕ್ಯಾನ್ಸರ್ ಎಂದೇ ಕುಸಿಯುತ್ತಾರೆ, ಇನ್ನು ಕೆಲವರು ಗುಳ್ಳೆ ಕರಗಿಸುವ ಕಷಾಯ ಹುಡುಕಿಕೊಂಡು ಹೋಗುತ್ತಾರೆ. ಎರಡೂ ತಪ್ಪು. ಈ ಗುಳ್ಳೆಗಳೆಲ್ಲ ಒಂದೇ ಜಾತಿಯವಲ್ಲ.

1978ರಲ್ಲಿ ರೋಗಶಾಸ್ತ್ರಜ್ಞರಾದ ಕಂಪ್ಯಾನೊ ಮತ್ತು ಓರ್ಟೆಲ್ ಇವನ್ನು ಎರಡು ಪಾಲು ಮಾಡಿದರು. ತಿಳಿನೀರಿನಂಥ ದ್ರವ ತುಂಬಿದ್ದು ಬಹುತೇಕ ನಿರುಪದ್ರವಿ. ಲೋಳೆ ತುಂಬಿದ್ದು ಮುಂದೆ ಕ್ಯಾನ್ಸರಿಗೆ ತಿರುಗಬಲ್ಲದು. 1982ರಲ್ಲಿ ಜಪಾನಿನ ಓಹಾಶಿ ಮತ್ತವರ ತಂಡ ಇನ್ನೊಂದನ್ನು ವಿವರಿಸಿತು. ಅದು ಪ್ಯಾಂಕ್ರಿಯಾಸಿನ ಜೀರ್ಣರಸ ಸಾಗಿಸುವ ನಾಳದ ಒಳಗೋಡೆಯಲ್ಲೇ ಹುಟ್ಟಿ, ಲೋಳೆ ಸುರಿಸಿ ನಾಳವನ್ನೇ ಉಬ್ಬಿಸುತ್ತದೆ. ಈಗ ಅದನ್ನು ಐಪಿಎಂಎನ್ ಅನ್ನುತ್ತಾರೆ.

ಹಾಗಾದರೆ ಮೊದಲ ಪ್ರಶ್ನೆ, ಗುಳ್ಳೆಗೂ ನಾಳಕ್ಕೂ ದಾರಿ ಇದೆಯಾ? ಅದನ್ನು ತೋರಿಸುವುದು ಎಂಆರ್‌ಸಿಪಿ, ಅಂದರೆ ಎಂಆರ್‌ಐನ ಒಂದು ಬಗೆ. ನನಗೆ ಅತಿ ಇಷ್ಟವಾದ ತಂತ್ರ ಇದು. ರೇಡಿಯೊ ಅಲೆ ತಾಗಿದ ಹೈಡ್ರೋಜನ್ ನ್ಯೂಕ್ಲಿಯಸ್‌ಗಳು ಒಟ್ಟಾಗಿ ಸಂಕೇತ ಕೊಡುತ್ತವೆ. ಗಂಟೆಯನ್ನು ಕೈಯಲ್ಲಿ ಅದುಮಿ ಹಿಡಿದು ಬಡಿದರೆ 'ಟಕ್' ಅಂದು ಸುಮ್ಮನಾಗುತ್ತದೆ, ಬಿಟ್ಟು ಬಡಿದರೆ ಗುಂಯ್‌ಗುಡುತ್ತಲೇ ಇರುತ್ತದೆ, ಅಲ್ವಾ? ಯಕೃತ್ತಿನಂಥ ಅಂಗಾಂಶದಲ್ಲಿ ಸಂಕೇತ ಕೆಲವು ಹತ್ತು ಮಿಲಿಸೆಕೆಂಡುಗಳಲ್ಲೇ ಅಡಗುತ್ತದೆ. ನಿಂತ ದ್ರವದಲ್ಲಿ ನೂರಾರು ಮಿಲಿಸೆಕೆಂಡು ಉಳಿಯುತ್ತದೆ. ಯಂತ್ರ ಬೇಕೆಂದೇ ತಡಮಾಡಿ ಆಲಿಸುತ್ತದೆ. ಅಷ್ಟರಲ್ಲಿ ಅಕ್ಕಪಕ್ಕದ್ದೆಲ್ಲ ಕಪ್ಪಾಗಿ, ನಾಳ, ಗುಳ್ಳೆ, ಅವೆರಡರ ನಡುವಿನ ಎಳೆಯಂಥ ದಾರಿ ಮಾತ್ರ ಬೆಳ್ಳಗೆ ಉಳಿಯುತ್ತವೆ. ಇದಕ್ಕೆ ಬಣ್ಣದ ಔಷಧಿ ಚುಚ್ಚುವುದೂ ಬೇಡ.

ದಾರಿ ಕಂಡರೆ ಐಪಿಎಂಎನ್ ಅನುಮಾನ ಬಲವಾಗುತ್ತದೆ. ಮುಖ್ಯ ನಾಳ 10 ಮಿಲಿಮೀಟರ್ ಅಥವಾ ಅದಕ್ಕಿಂತ ಜಾಸ್ತಿ ಅಗಲವಾಗಿದ್ದರೆ ಶಸ್ತ್ರಚಿಕಿತ್ಸೆಯ ಮಾತು ಬರುತ್ತದೆ. ಗುಳ್ಳೆಯೊಳಗೆ 5 ಮಿಲಿಮೀಟರ್ ಮುಟ್ಟಿದ, ಕಾಂಟ್ರಾಸ್ಟ್ (ಸ್ಕ್ಯಾನಿಗಾಗಿ ಚುಚ್ಚುವ ಬಣ್ಣದ ಔಷಧಿ) ಹೀರುವ ಗಂಟು ಇದ್ದರೂ ಅಷ್ಟೇ. ಗುಳ್ಳೆಯೇ 3 ಸೆಂಟಿಮೀಟರ್ ದಾಟಿದರೆ ಚಿಂತೆಯ ಲಕ್ಷಣ ನಿಜ, ಆದರೆ ಅದೊಂದರಿಂದಲೇ ತೀರ್ಮಾನವಾಗದು.

ಎಂಆರ್‌ಐಗೆ ಸುಣ್ಣದ (ಕ್ಯಾಲ್ಸಿಯಂ) ಕಲೆ ಸರಿಯಾಗಿ ಕಾಣದು, ಅದಕ್ಕೆ ಸಿಟಿ ಸ್ಕ್ಯಾನ್ ಬೇಕು. ನಡುಮಧ್ಯದ ಗಾಯದ ಗುರುತಿನಲ್ಲಿ ಸುಣ್ಣ ಕಂಡರೆ ತಿಳಿನೀರಿನ ಜಾತಿ, ಅಂಚಿನ ಗೋಡೆಯಲ್ಲಿ ಕಂಡರೆ ಲೋಳೆಯ ಜಾತಿ ಇರಬಹುದು. ಆಗಲೂ ಗೊಂದಲ ಉಳಿದರೆ, ಎಂಡೋಸ್ಕೋಪ್ ತುದಿಯ ಅಲ್ಟ್ರಾಸೌಂಡ್ ನೋಡುತ್ತಾ ಜಠರದ ಗೋಡೆಯ ಮೂಲಕ ಸೂಜಿ ಹಾಕಿ ದ್ರವ ತೆಗೆಯುತ್ತಾರೆ. ಅದರಲ್ಲಿ ಸಕ್ಕರೆ ಡೆಸಿಲೀಟರಿಗೆ 50 ಮಿಲಿಗ್ರಾಂಗಿಂತ ಕಡಿಮೆಯಿದ್ದರೆ ಲೋಳೆಯ ಗುಳ್ಳೆಯೇ ಇರುವ ಸಾಧ್ಯತೆ ಜಾಸ್ತಿ.