ಹಳೆಯ ಮಿರರ್‌ಲೆಸ್ ಕ್ಯಾಮೆರಾ: ಶಟರ್ ಎಷ್ಟು ಸವೆದಿದೆ?

ಸೆಕೆಂಡ್ ಹ್ಯಾಂಡ್ ಕ್ಯಾಮೆರಾ ಮಾರುವವರ ಬಾಯಲ್ಲಿ ಮೊದಲು ಬರುವ ಮಾತು, "ಸರ್, ಬರೀ ಐದು ಸಾವಿರ ಕ್ಲಿಕ್ ಆಗಿದೆ ಅಷ್ಟೆ" ಎಂಬುದು. ಕೊಳ್ಳುವವರೂ ಬೈಕಿನ ಮೀಟರು ನೋಡುವಂತೆ ಆ ಒಂದು ಸಂಖ್ಯೆಯನ್ನು ನೋಡಿ ಬೆಲೆ ಕಟ್ಟುತ್ತಾರೆ. ಆದರೆ ಶಟರ್ ಈ ಹೊತ್ತು ಹೇಗೆ ಓಡುತ್ತಿದೆ ಎಂಬುದು ಆ ಸಂಖ್ಯೆಯಿಂದ ತಿಳಿಯುವುದಿಲ್ಲ. ಅದನ್ನು ಶಟರಿನಿಂದಲೇ ಹೇಳಿಸಬೇಕು.

2014ರಲ್ಲಿ ಬಂದ ಸೋನಿ ಎ6000 ಕ್ಯಾಮೆರಾವನ್ನೇ ಉದಾಹರಣೆಗೆ ತೆಗೆದುಕೊಳ್ಳೋಣ. ಬೆಳಕನ್ನು ಚಿತ್ರವಾಗಿಸುವ ಅದರ ಸೆನ್ಸರಿನ ಎತ್ತರ ಸುಮಾರು 15.6 ಮಿಲಿಮೀಟರ್. ಸೆನ್ಸರಿನ ಮುಂದೆ ತೆಳು ಪಟ್ಟಿಗಳಿಂದಾದ ಎರಡು ಪರದೆಗಳಿವೆ; ಇವೇ ಶಟರ್. ಮಿರರ್‌ಲೆಸ್, ಅಂದರೆ ಒಳಗೆ ಕನ್ನಡಿಯಿಲ್ಲದ ಕ್ಯಾಮೆರಾದಲ್ಲಿ ದೃಶ್ಯ ನಮಗೆ ಕಾಣುವುದೇ ಸೆನ್ಸರಿನ ಮೂಲಕವಾದ್ದರಿಂದ ಪರದೆಗಳು ಸದಾ ತೆರೆದಿರುತ್ತವೆ. ಗುಂಡಿ ಒತ್ತಿದಾಗ ಮೊದಲ ಪರದೆ ಮುಚ್ಚಿಕೊಂಡು, ಮತ್ತೆ ಸರಿದು ಬೆಳಕು ಬಿಡುತ್ತದೆ. ಅದರ ಬೆನ್ನಿಗೆ ಎರಡನೆಯದು ಓಡಿ ಬಂದು ಮುಚ್ಚುತ್ತದೆ. ಕೊನೆಗೆ ಎರಡೂ ತೆರೆದುಕೊಳ್ಳುತ್ತವೆ. ಒಂದೇ 'ಕ್ಲಿಕ್' ಎಂದು ನಮಗೆ ಕೇಳಿಸುವ ಸದ್ದಿನೊಳಗೆ ಇಷ್ಟೆಲ್ಲ ಓಡಾಟ ನಡೆದಿರುತ್ತದೆ.

ಒಂದು ಪರದೆ ಸೆನ್ಸರನ್ನು ದಾಟಲು 4 ಮಿಲಿಸೆಕೆಂಡ್ ತೆಗೆದುಕೊಳ್ಳುತ್ತದೆ ಎಂದಿಟ್ಟುಕೊಳ್ಳಿ. ಈ ಕ್ಯಾಮೆರಾದ ಗರಿಷ್ಠ ವೇಗವಾದ 1/4000 ಸೆಕೆಂಡ್ ಎಂದರೆ ಕಾಲು ಮಿಲಿಸೆಕೆಂಡ್. ಮೊದಲ ಪರದೆ ದಾರಿಯ ಹದಿನಾರನೆಯ ಒಂದು ಭಾಗವನ್ನು ಕ್ರಮಿಸುವಷ್ಟರಲ್ಲಿ ಎರಡನೆಯದೂ ಹೊರಟಾಗಿರುತ್ತದೆ. ಹಾಗಾಗಿ ಸೆನ್ಸರ್ ಒಮ್ಮೆಲೇ ಪೂರ್ತಿ ತೆರೆದುಕೊಳ್ಳುವುದೇ ಇಲ್ಲ. ಹೆಚ್ಚುಕಡಿಮೆ ಒಂದು ಮಿಲಿಮೀಟರ್ ಅಗಲದ ಕಿಂಡಿಯೊಂದು ಅದರ ಮೇಲೆ ಒಂದು ಅಂಚಿನಿಂದ ಇನ್ನೊಂದು ಅಂಚಿಗೆ ಹಾದುಹೋಗುತ್ತದೆ.

ಸವೆತ ಬಯಲಾಗುವುದು ಇಲ್ಲಿಯೇ. ಸ್ಪ್ರಿಂಗ್ ಸೊರಗಿಯೋ, ಪಟ್ಟಿಗಳಿಗೆ ಜಿಡ್ಡು ಹತ್ತಿಯೋ ಒಂದು ಪರದೆ ದಾರಿಯಲ್ಲಿ 0.05 ಮಿಲಿಸೆಕೆಂಡ್ ಹಿಂದೆ ಬಿತ್ತೆನ್ನಿ. 1/60 ಸೆಕೆಂಡಿನ ಚಿತ್ರದಲ್ಲಿ ಅದು ಶೇಕಡಾ 0.3ರ ವ್ಯತ್ಯಾಸ, ಯಾರ ಕಣ್ಣಿಗೂ ಬೀಳದು. 1/4000ದಲ್ಲಿ ಅದೇ ವಿಳಂಬ ಶೇಕಡಾ 20ರಷ್ಟಾಗಿ, ಚಿತ್ರದ ಒಂದು ಅಂಚು ಮಂಕಾಗಿಯೋ ಬೆಳ್ಳಗಾಗಿಯೋ ಕಾಣುತ್ತದೆ. ಅಂಗಡಿಯೊಳಗೆ ಟ್ಯೂಬ್‌ಲೈಟಿನ ಕೆಳಗೆ ಎರಡು ಫೋಟೊ ತೆಗೆದು ಸಮಾಧಾನಪಟ್ಟುಕೊಳ್ಳುವುದರಿಂದ ಪ್ರಯೋಜನವಿಲ್ಲ. ಅಲ್ಲಿ ವೇಗವೂ ಸಾಲದು. ಜೊತೆಗೆ ನಮ್ಮ 50 ಹರ್ಟ್ಸ್ ವಿದ್ಯುತ್ತಿನಲ್ಲಿ ಅನೇಕ ದೀಪಗಳು ಸೆಕೆಂಡಿಗೆ ನೂರು ಸಲ ಮಿನುಗುವುದರಿಂದ, ಶಟರಿಗೆ ಸಂಬಂಧವೇ ಇಲ್ಲದ ಪಟ್ಟೆಗಳು ಚಿತ್ರದಲ್ಲಿ ಮೂಡಬಹುದು.

ನಾನು ಕ್ಯಾಮೆರಾವನ್ನು ಹಗಲು ಬೆಳಕಿಗೆ ಒಯ್ಯುತ್ತೇನೆ. ತಾರಸಿಯಲ್ಲಿ ಒಣಹಾಕಿದ ಬಿಳಿ ಪಂಚೆಯಿದ್ದರೆ ಅದಕ್ಕಿಂತ ಒಳ್ಳೆಯ ಗುರಿ ಬೇಡ. ಲೆನ್ಸಿನೊಳಗೆ ಬೆಳಕು ಹಾಯುವ ರಂಧ್ರವನ್ನು ಎಫ್/8ಕ್ಕೆ ಕಿರಿದುಗೊಳಿಸಿ, ಬಟ್ಟೆಯ ನೇಯ್ಗೆ ಕಾಣದಂತೆ ಫೋಕಸ್ ತಪ್ಪಿಸಿ, ಪಂಚೆ ಬೂದು ಬಣ್ಣಕ್ಕೆ ಬರುವಂತೆ ಐಎಸ್‌ಒ (ಬೆಳಕಿಗೆ ಕ್ಯಾಮೆರಾದ ಸಂವೇದನೆಯ ಮಟ್ಟ) ಹೊಂದಿಸಿಕೊಂಡು 1/4000ದಲ್ಲಿ ಹತ್ತು ಚಿತ್ರ ತೆಗೆಯುತ್ತೇನೆ. ಆಮೇಲೆ ಕ್ಯಾಮೆರಾವನ್ನು ತಲೆಕೆಳಗಾಗಿ ಹಿಡಿದು ಇನ್ನೂ ಹತ್ತು. ಪಂಚೆಯ ಮೇಲೆಯೇ ನೆರಳಿದ್ದರೆ ಚಿತ್ರದಲ್ಲಿ ಅದು ಜಾಗ ಬದಲಿಸುತ್ತದೆ. ದೋಷ ಕ್ಯಾಮೆರಾದ್ದಾದರೆ ಮಂಕು ಇದ್ದಲ್ಲೇ ಇರುತ್ತದೆ. ನಾಲ್ಕೂ ಮೂಲೆಗಳು ಒಂದೇ ಸಮನಾಗಿ ಕಪ್ಪಾಗಿದ್ದರೆ ಅದು ಲೆನ್ಸಿನ ಗುಣ, ಶಟರನ್ನು ದೂರಬೇಕಿಲ್ಲ.

ಎ6000ದ ಮೆನುವಿನಲ್ಲಿ 'ಇ-ಫ್ರಂಟ್ ಕರ್ಟನ್ ಶಟರ್' ಎಂಬ ಆಯ್ಕೆಯೊಂದಿದೆ. ಅದನ್ನು ಆನ್ ಮಾಡಿದರೆ ಮೊದಲ ಪರದೆಯ ಕೆಲಸವನ್ನು ಸೆನ್ಸರೇ ವಿದ್ಯುತ್ತಿನಿಂದ ಮಾಡುತ್ತದೆ, ಎರಡನೆಯ ಪರದೆ ಮಾತ್ರ ನಿಜವಾಗಿ ಓಡುತ್ತದೆ. ಆನ್ ಮತ್ತು ಆಫ್ ಎರಡರಲ್ಲೂ ಪರೀಕ್ಷೆ ಮಾಡಿ ನೋಡಿ. ಆಫ್ ಇದ್ದಾಗ ಮಾತ್ರ ಮಂಕು ಕಂಡರೆ ಮೊದಲ ಪರದೆಯ ಮೇಲೆ, ಎರಡರಲ್ಲೂ ಕಂಡರೆ ಎರಡನೆಯದರ ಮೇಲೆ ಅನುಮಾನಪಡಬಹುದು. ಒಂದು ತಿರುಪನ್ನೂ ಬಿಚ್ಚದೆ ಇಷ್ಟು ತಿಳಿಯುತ್ತದೆಂಬುದು ನನಗೆ ಇಂದಿಗೂ ಖುಷಿ ಕೊಡುವ ಸಂಗತಿ.

ಇನ್ನು ಆ ಸಂಖ್ಯೆಯ ವಿಚಾರ. ಹಲವು ಕ್ಯಾಮೆರಾಗಳು ಅದನ್ನು ಚಿತ್ರದ ಕಡತದೊಳಗೇ ಬರೆದಿಡುತ್ತವೆ. ಎಕ್ಸಿಫ್‌ಟೂಲ್ ಎಂಬ ಉಚಿತ ತಂತ್ರಾಂಶದಿಂದ ಓದಬಹುದು. ವಾಟ್ಸ್ಆ್ಯಪ್‌ನಲ್ಲಿ ಫೋಟೊ ಆಗಿ ಬಂದ ಚಿತ್ರದಲ್ಲಿ ಈ ಮಾಹಿತಿ ಉಳಿದಿರುವುದಿಲ್ಲ, ಕಾರ್ಡಿನಲ್ಲಿರುವ ಮೂಲ ಕಡತವೇ ಬೇಕು. ಕೆಲವು ಮಾದರಿಗಳಲ್ಲಿ ಇನ್ನೊಂದು ತೊಡಕಿದೆ: ಎಣಿಕೆಗೆ ಎರಡೇ ಬೈಟ್ ಜಾಗವಿರುವುದರಿಂದ 65,535 ಆದ ಮೇಲೆ ಅದು ಮತ್ತೆ ಸೊನ್ನೆಗೆ ಮರಳುತ್ತದೆ. ಅಂಥ ಕ್ಯಾಮೆರಾ 5,000 ಎಂದು ತೋರಿಸಿದರೆ ನಿಜವಾದ ಲೆಕ್ಕ 70,536 ಇದ್ದರೂ ಇರಬಹುದು. ಹಾಗಾಗಿ ಫ್ಲ್ಯಾಶ್ ಕೂರಿಸುವ ಜಾಗದ ಬಣ್ಣ ಎಷ್ಟು ಕೆರೆದುಹೋಗಿದೆ, ಹಿಡಿಯ ರಬ್ಬರು ಎಷ್ಟು ನುಣುಪಾಗಿದೆ ಎಂಬುದನ್ನೂ ಸಂಖ್ಯೆಯ ಪಕ್ಕದಲ್ಲಿಟ್ಟು ನೋಡಬೇಕು. ವಿಡಿಯೊ ಎಷ್ಟೇ ಗಂಟೆ ತೆಗೆದಿದ್ದರೂ ಶಟರಿನ ಎಣಿಕೆ ಏರುವುದಿಲ್ಲ. ಇತ್ತ ಎ6000ದಲ್ಲಿ ಸೆಕೆಂಡಿಗೆ 11 ಚಿತ್ರಗಳ ವೇಗದಲ್ಲಿ ಗುಂಡಿ ಒತ್ತಿ ಹಿಡಿದರೆ, ಒಂದು ಮಿಂಚುಳ್ಳಿಯ ಬೆನ್ನು ಹತ್ತುವುದರೊಳಗೆ ನೂರು ಕ್ಲಿಕ್ ಮುಗಿದಿರುತ್ತದೆ.

ಆರಂಭಿಕ ದರ್ಜೆಯ ಕ್ಯಾಮೆರಾಗಳಿಗೆ ಸಾಮಾನ್ಯವಾಗಿ ಹೇಳುವ ಒಂದು ಲಕ್ಷ ಕ್ಲಿಕ್ ಆಯಸ್ಸಿನ ಲೆಕ್ಕವೂ ಔಷಧಿಯ ಬಾಟಲಿಯ ಮೇಲಿನ ಕೊನೆಯ ದಿನಾಂಕದಂತಲ್ಲ. ಅದನ್ನು ದಾಟಿಯೂ ಓಡುವ ಶಟರುಗಳಿವೆ, ಅರ್ಧ ದಾರಿಯಲ್ಲೇ ನಿಲ್ಲುವವೂ ಇವೆ. ಎಣಿಕೆ 80,000 ಇದ್ದು, ಇಪ್ಪತ್ತು ಚಿತ್ರಗಳಲ್ಲೂ ಪಂಚೆ ಒಂದೇ ಸಮನಾದ ಬೂದು ಬಣ್ಣದಲ್ಲಿ ಬಂದಿದ್ದರೆ ನಾನು ಬೆಲೆ ಚೌಕಾಸಿ ಮಾಡಿ ಕೊಳ್ಳುತ್ತೇನೆ. 5,000 ಎಂದು ತೋರಿಸುತ್ತಿದ್ದು ಒಂದು ಚಿತ್ರದ ಅಂಚಿನಲ್ಲಿ ಮಾತ್ರ ಪಟ್ಟೆ ಕಂಡರೂ ಕ್ಯಾಮೆರಾವನ್ನು ಹಿಂದಿರುಗಿಸುತ್ತೇನೆ. ಈ ದರ್ಜೆಯಲ್ಲಿ ಹೊಸ ಶಟರ್ ಹಾಕಿಸುವ ಖರ್ಚು ಹಳೆಯ ಕ್ಯಾಮೆರಾದ ಬೆಲೆಗೆ ಹತ್ತಿರ ಬಂದುಬಿಡುವುದುಂಟು.