ಹೆಬ್ಬೆರಳು ಕಲಿತ ನೆಗೆತ

ಹೋದ ಭಾನುವಾರ ತುಮಕೂರಿನ ಎಸ್.ಎಸ್. ಪುರಂನಲ್ಲಿರುವ ಅಕ್ಕನ ಮನೆಯಲ್ಲಿ ನೆಟ್ ಹೋಗಿತ್ತು. ಅಕ್ಕನ ಮಗ ‘ಸ್ಕೇಟ್ 3’ ಎಂಬ ಸ್ಕೇಟ್‌ಬೋರ್ಡ್ ವಿಡಿಯೊ ಗೇಮಿನ ಹಳೇ ಡಿಸ್ಕ್ ಹಾಕಿ ಕಂಟ್ರೋಲರ್ ನನ್ನ ಕೈಗಿತ್ತ. ನನ್ನ ಹೆಬ್ಬೆರಳು ತಾನಾಗಿಯೇ ಎಕ್ಸ್ ಬಟನ್ ಒತ್ತಿತು. ತೆರೆಯ ಮೇಲಿನ ಆಟಗಾರ ನೆಲ ಒದ್ದು ಮುಂದೆ ಸಾಗಿದನೇ ಹೊರತು ನೆಗೆಯಲಿಲ್ಲ.

“ಮಾವ, ಬಟನ್ ಬಿಡು. ಬಲಗಡೆ ಸ್ಟಿಕ್ ಕೆಳಗೆಳ್ದು ಮೇಲಕ್ಕೆ ಚಿಮ್ಮು.”

ಸ್ಕೇಟ್‌ಬೋರ್ಡ್ ಆಟಗಳ ಏಳುಬೀಳಿನ ಕಥೆಯೆಲ್ಲ ಈ ಬಟನ್ನಿಗೂ ಸ್ಟಿಕ್ಕಿಗೂ ಇರುವ ಅಂತರದಲ್ಲಿದೆ.

1999ರ ಜೂನ್‌ನಲ್ಲಿ ಅಮೆರಿಕದ ಸ್ಕೇಟ್‌ಬೋರ್ಡ್ ಪಟು ಟೋನಿ ಹಾಕ್ ಗಾಳಿಯಲ್ಲಿ ಎರಡೂವರೆ ಸುತ್ತು ತಿರುಗಿ, ಅಂದರೆ 900 ಡಿಗ್ರಿ, ಹಲಗೆಯ ಮೇಲೆ ನಿಂತರು. ಕೆಲವೇ ತಿಂಗಳಲ್ಲಿ ಅವರ ಹೆಸರಿನ ಆಟ ಪ್ಲೇಸ್ಟೇಷನ್ ಎಂಬ ಗೇಮ್ ಯಂತ್ರಕ್ಕೆ ಬಂತು. ಎಕ್ಸ್ ಒತ್ತಿ ಹಿಡಿದರೆ ತೆರೆಯ ಮೇಲಿನ ಆಟಗಾರ ಕುಕ್ಕರಿಸುತ್ತಾನೆ, ಬಿಟ್ಟರೆ ನೆಗೆಯುತ್ತಾನೆ. ಮಜಾ ಇದ್ದದ್ದು ಲೆಕ್ಕದಲ್ಲಿ. 100, 300, 600 ಅಂಕದ ಮೂರು ಕಸರತ್ತು ಒಂದೇ ಓಟದಲ್ಲಿ ಹಾಕಿದರೆ ಮೊತ್ತ 1,000, ಅದನ್ನು ಕಸರತ್ತುಗಳ ಎಣಿಕೆಯಾದ ಮೂರರಿಂದ ಗುಣಿಸಿದರೆ 3,000. ಇನ್ನೊಂದು 200ರ ಕಸರತ್ತು ಸೇರಿಸಿದರೆ 1,200ರ ನಾಲ್ಕರಷ್ಟು, 4,800! ಕೊನೆಗೆ ಬಿದ್ದರೆ ಎಲ್ಲವೂ ಸೊನ್ನೆ. ಇಲ್ಲಿಗೆ ನಿಲ್ಲಿಸಲೇ, ಇನ್ನೊಂದು ಹಾಕಲೇ ಎಂಬ ಆ ಎದೆಬಡಿತವೇ ಕೋಟ್ಯಂತರ ಕೈಗಳನ್ನು ಹಿಡಿದಿಟ್ಟಿತು.

ಆದರೆ 1999ರಿಂದ 2007ರವರೆಗೆ ವರ್ಷಕ್ಕೊಂದರಂತೆ ಈ ಸರಣಿಯ ಒಂಬತ್ತು ಮುಖ್ಯ ಆಟ. ಹೆಬ್ಬೆರಳಿಗೆ ಕಲಿಯಲು ಹೊಸದೇನೂ ಉಳಿಯಲಿಲ್ಲ.

2007ರಲ್ಲಿ ಇಎ ಕಂಪನಿಯ ‘ಸ್ಕೇಟ್’ ಬಂದು ಟೋನಿ ಹಾಕ್ ಸರಣಿಯನ್ನು ಹಿಂದಿಕ್ಕಿದ್ದು ಇದೇ ಕಾರಣಕ್ಕೆ ಎಂದು ನನ್ನ ನಂಬಿಕೆ. ನಿಜವಾದ ಹಲಗೆಯನ್ನು ಹಾರಿಸುವ ‘ಆಲಿ’ ಕಸರತ್ತನ್ನೇ ನೋಡಿ. ಹಿಂಗಾಲಿನಿಂದ ಹಲಗೆಯ ಬಾಲ ತುಳಿದಾಗ ಹಿಂದಿನ ಚಕ್ರಗಳನ್ನು ಆಧಾರವಾಗಿಟ್ಟುಕೊಂಡು ಏತದಂತೆ ಮುಂದಿನ ತುದಿ ಏಳುತ್ತದೆ. ಬಾಲ ‘ಟಪ್’ ಎಂದು ನೆಲಕ್ಕೆ ಬಡಿದು ಪುಟಿಯುತ್ತದೆ. ಆ ಗಳಿಗೆಯಲ್ಲಿ ಮುಂಗಾಲನ್ನು ಹಲಗೆಯ ಉಪ್ಪುಕಾಗದದಂಥ ಮೇಲ್ಮೈಗೆ ಉಜ್ಜುತ್ತ ಮುಂದಕ್ಕೆ ಎಳೆಯಬೇಕು. ಆ ಘರ್ಷಣೆಯಿಂದಲೇ ಹಲಗೆ ಮೇಲಕ್ಕೆದ್ದು ಗಾಳಿಯಲ್ಲಿ ಸಮತಟ್ಟಾಗುತ್ತದೆ. ಸ್ಟಿಕ್ ಎಳೆದು ಚಿಮ್ಮುವಾಗ ಬೆರಳು ಮಾಡುವುದು ಇದೇ ತುಳಿತ, ಇದೇ ಉಜ್ಜು. ಒಂದು ಸರಳ ನೆಗೆತಕ್ಕೂ ಬೆವರು ಸುರಿಸಬೇಕು, ಅದಕ್ಕೇ ಅದು ನಮ್ಮದೆನಿಸುತ್ತದೆ.

ಟೋನಿ ಹಾಕ್ ಸರಣಿ 2009ರಲ್ಲಿ ‘ರೈಡ್’ ಎಂಬ ಆಟದ ಜೊತೆ, ಕಂಟ್ರೋಲರ್ ಬದಲು ಕಾಲ ಕೆಳಗೇ ಹಲಗೆ ಕೊಟ್ಟಿತು. ಅದಕ್ಕೆ ಚಕ್ರವಿಲ್ಲ, ಸೆನ್ಸರ್‌ಗಳಿವೆ. ವಾಲಿದ್ದನ್ನು ಗುರುತಿಸಿದರೂ, ಬಾಲ ತುಳಿದಾಗ ಪುಟಿದೇಳುವ ಅನುಭವ ಪಾದಕ್ಕೆ ಸಿಗಲಿಲ್ಲ. ಆಟ ನೆಲಕಚ್ಚಿತು. ‘ಸ್ಕೇಟ್’ ಕೂಡ 2010ರ ಮೂರನೆಯ ಭಾಗದ ಬಳಿಕ ಸುಮ್ಮನಾಯಿತು. ಅದನ್ನು ಜೀವಂತ ಇಟ್ಟವರು, ಆಟಗಾರನ ಮೈ ರಬ್ಬರಿನಂತೆ ತಿರುಚಿಕೊಳ್ಳುವ ದೋಷಗಳನ್ನು ಯೂಟ್ಯೂಬ್‌ಗೆ ಹಾಕಿ ನಕ್ಕವರು. 2020ರಲ್ಲಿ ಹಾಕ್‌ನ ಮೊದಲೆರಡು ಆಟಗಳು ಹೊಸ ರೂಪದಲ್ಲಿ ಬಂದು ಗೆದ್ದವು. 2025ರಲ್ಲಿ ಎರಡೂ ಸರಣಿ ಮತ್ತೆ ಎದುರುಬದುರಾದವು.

ಹೊಸ ‘ಸ್ಕೇಟ್’ ಉಚಿತ. ಆದರೆ ನೆಟ್ ಇಲ್ಲದೆ ತೆರೆಯುವುದೇ ಇಲ್ಲ. ಕಂಪನಿ ಸರ್ವರ್ ನಿಲ್ಲಿಸಿದ ದಿನ, ಹೆಬ್ಬೆರಳು ಕಲಿತದ್ದನ್ನು ಆಡಲು ಜಾಗವೇ ಇರುವುದಿಲ್ಲ ಎನ್ನುವುದು ನನ್ನನ್ನು ನಿಜಕ್ಕೂ ಕಾಡುತ್ತದೆ. ಅವತ್ತು ಸಂಜೆಯಾದರೂ ನೆಟ್ ಬರಲಿಲ್ಲ. ಹದಿನೈದು ವರ್ಷದ ಹಳೇ ಡಿಸ್ಕ್ ಗಿರ್ರೆಂದು ತಿರುಗುತ್ತಲೇ ಇತ್ತು. ಊಟಕ್ಕೆ ಅಕ್ಕ ಎರಡು ಸಲ ಕರೆದ ಮೇಲೆ, ನನ್ನ ಹಲಗೆ ಮೊದಲ ಸಲ ಮೆಟ್ಟಿಲು ದಾಟಿತು.