ಅಕ್ಷರ ಓದಿದ ಮಾತ್ರಕ್ಕೆ ಕಣ್ಣು ಸರಿಯಿದೆ ಎಂದಲ್ಲ

ಪ್ರಶ್ನೆ: ಮಗನಿಗೆ ಒಂಬತ್ತು ವರ್ಷ. ಪಿಟ್ಯುಟರಿ ಗ್ರಂಥಿಯ ಹತ್ತಿರ ಗಡ್ಡೆ ಇದೆ, ಅದರಿಂದ ಕಣ್ಣಿಗೂ ತೊಂದರೆಯಾಗಿದೆ ಎಂದಿದ್ದಾರೆ. ಶಾಲೆಯ ತಪಾಸಣೆಯಲ್ಲಿ ಎಲ್ಲ ಅಕ್ಷರಗಳನ್ನೂ ಓದಿದ್ದನಲ್ಲ? (ಅರಕಲಗೂಡು ತಾಲ್ಲೂಕಿನ ಒಬ್ಬ ತಾಯಿ)

ಗಡ್ಡೆಗೂ ಕಣ್ಣಿಗೂ ಏನು ಸಂಬಂಧ ಎಂಬುದಕ್ಕೆ ಉತ್ತರ ಚಿಕ್ಕದು. ಪಿಟ್ಯುಟರಿ ಇರುವುದು ಮಿದುಳಿನ ತಳದಲ್ಲಿ, ಬಟಾಣಿ ಗಾತ್ರದಲ್ಲಿ. ಅದಕ್ಕಿಂತ ಸುಮಾರು ಒಂದು ಸೆಂಟಿಮೀಟರ್ ಮೇಲೆ ಎರಡೂ ಕಣ್ಣಿನ ನರಗಳು ಕೂಡುತ್ತವೆ. ಗಡ್ಡೆ ಬೆಳೆದರೆ ಒತ್ತುವುದು ಅಲ್ಲಿಯೇ. ಮಕ್ಕಳಲ್ಲಿ ಈ ಜಾಗದಲ್ಲಿ ಹೆಚ್ಚಾಗಿ ಕಾಣುವುದು ಗ್ರಂಥಿಯದೇ ಗಡ್ಡೆಯಲ್ಲ, ಪಕ್ಕದಲ್ಲಿ ಹುಟ್ಟುವ ಕ್ರೇನಿಯೋಫ್ಯಾರಿಂಜಿಯೋಮ. ಅದು ಕ್ಯಾನ್ಸರ್ ಅಲ್ಲ. ಆದರೆ ಬೆಳೆಯುವ ಜಾಗ ಇಕ್ಕಟ್ಟಿನದು.

ಇನ್ನು ‘ಎಲ್ಲ ಅಕ್ಷರ ಓದಿದನಲ್ಲ’ ಎಂಬ ಮಾತು. ಹಾಸನದಲ್ಲಿ ಕಣ್ಣು ನೋಡಲು ಕುಳಿತಾಗಿನಿಂದ ಇದಕ್ಕೆ ಉತ್ತರ ಹೇಳಿ ಹೇಳಿ ಸಾಕಾಗಿದೆ. ಚಾರ್ಟ್ ಅಳೆಯುವುದು ನೋಟದ ನಟ್ಟನಡುವಿನ ಚುರುಕನ್ನು ಮಾತ್ರ. ಸರಿಯಾದ ನೋಟದವರು ಓದುವ 6/6 ಸಾಲಿನ ಒಂದು ಅಕ್ಷರ ನೋಟದಲ್ಲಿ ಹಿಡಿಯುವ ಜಾಗ ಒಂದು ಡಿಗ್ರಿಯ ಹನ್ನೆರಡರಲ್ಲಿ ಒಂದು ಪಾಲು. ಹೊರಬದಿಗೆ ಕಣ್ಣು ಕಾಣುವುದು ಸುಮಾರು 90 ಡಿಗ್ರಿ. ಉಳಿದದ್ದನ್ನು ಯಾರು ಪರೀಕ್ಷಿಸಿದರು? ನರಗಳು ಕೂಡುವಲ್ಲಿ ಅಡ್ಡ ದಾಟುವ ಎಳೆಗಳು ಹೊರಬದಿಯ ನೋಟವನ್ನು ತರುವಂಥವು. ಒತ್ತಡಕ್ಕೆ ಸಾಮಾನ್ಯವಾಗಿ ಮೊದಲು ಸಿಕ್ಕುವುದು ಅವೇ. ಬಲಗಣ್ಣಿಗೆ ಬಲಬದಿ, ಎಡಗಣ್ಣಿಗೆ ಎಡಬದಿ ಮಾಸುತ್ತದೆ. ಎರಡೂ ಕಣ್ಣು ತೆರೆದಿದ್ದಾಗ ಒಂದರ ಕೊರತೆಯನ್ನು ಇನ್ನೊಂದು ಬಹುಪಾಲು ತುಂಬಿಕೊಡುತ್ತದೆ, ಹಾಗಾಗಿ ಮಗುವಿಗೇ ತಿಳಿಯುವುದಿಲ್ಲ. ತಿಳಿದರೂ ಎಲ್ಲರಿಗೂ ಹೀಗೆಯೇ ಕಾಣುತ್ತದೆ ಎಂದುಕೊಂಡಿರುತ್ತದೆ.

ಬಲಗಣ್ಣಿನಿಂದ ಓದುವಾಗ ಸಾಲಿನ ಬಲತುದಿಯ ಅಕ್ಷರಗಳನ್ನು, ಎಡಗಣ್ಣಿನಿಂದ ಓದುವಾಗ ಎಡತುದಿಯವನ್ನು ಬಿಡುವ ಮಕ್ಕಳಿದ್ದಾರೆ. ‘ಗಮನವಿಟ್ಟು ಓದು’ ಎಂದು ಗದರುತ್ತಾರೆ. ಅದು ಅಲಕ್ಷ್ಯವಲ್ಲ, ರೋಗದ ಸುಳಿವು! ಶಾಲೆಯ ತಪಾಸಣೆಯನ್ನು ನಾನು ಹಳಿಯುತ್ತಿಲ್ಲ. ಅದು ಮುಖ್ಯವಾಗಿ ಕನ್ನಡಕ ಬೇಕಾದವರನ್ನು ಹುಡುಕುತ್ತದೆ. ಇಲ್ಲಿ ಬೇಕಾದದ್ದು ಒಂದೊಂದೇ ಕಣ್ಣು ಮುಚ್ಚಿ ಮಾಡುವ ಫೀಲ್ಡ್ ಪರೀಕ್ಷೆ, ಅಂದರೆ ಬದಿಗಳಲ್ಲಿ ಎಲ್ಲಿಯವರೆಗೆ ಕಾಣುತ್ತದೆ ಎಂಬ ಪರೀಕ್ಷೆ. ಯಂತ್ರದ ಮುಂದೆ ಕದಲದೆ ಕೂರಲಾರದ ಚಿಕ್ಕವರಿಗೆ ಎದುರು ಕುಳಿತು ಬದಿಯಿಂದ ಬೆರಳನ್ನೋ ಆಟಿಕೆಯನ್ನೋ ತಂದು ನೋಡುತ್ತೇವೆ. ಹನಿ ಹಾಕಿ ಕಣ್ಣಿನೊಳಗೆ ನರ ಬಿಳಿಚಿದೆಯೇ ಎಂದೂ ನೋಡಬೇಕು.

ಮೊಬೈಲ್ ನೋಡಿ ಹೀಗಾಯಿತೇ ಎಂದು ಅಜ್ಜಿ ಕೇಳಿದರೆ, ಇಲ್ಲ ಎನ್ನಿ. ಕನ್ನಡಕದಿಂದ ಸರಿಹೋಗುವುದೇ? ಅದೂ ಇಲ್ಲ. ಒತ್ತಡ ಬೇಗ ಇಳಿದರೆ ನೋಟ ಎಷ್ಟೋ ಮರಳಬಹುದು. ನರ ಒಣಗಿದ ಮೇಲೆ ಮರಳುವುದು ಕಷ್ಟ. ಆಲೂಗಡ್ಡೆ ಕಿತ್ತಾದ ಮೇಲೆ ಬೆಂಗಳೂರಿಗೆ ಹೋಗೋಣ ಎಂದು ಮುಂದೂಡಬೇಡಿ.

ಮಗನ ಎತ್ತರದ ಬಗ್ಗೆ ನೀವು ಕೇಳಿಲ್ಲ, ನಾನೇ ಕೇಳುತ್ತೇನೆ. ಬೆಳವಣಿಗೆಯ ಹಾರ್ಮೋನ್ ಬರುವುದೂ ಇದೇ ಪಿಟ್ಯುಟರಿಯಿಂದ. ಕಳೆದ ವರ್ಷದ ಅಂಗಿ ಈಗಲೂ ಸರಿಹೋಗುತ್ತಿದೆಯೇ? ಈ ವಯಸ್ಸಿನಲ್ಲಿ ಮಕ್ಕಳು ವರ್ಷಕ್ಕೆ ಸುಮಾರು 5–6 ಸೆಂ.ಮೀ. ಬೆಳೆಯುತ್ತಾರೆ. ‘ನಮ್ಮ ಮನೆತನವೇ ಕುಳ್ಳು’ ಎಂದು ಸುಮ್ಮನಾಗಬೇಡಿ. ಕುಳ್ಳರ ಮಕ್ಕಳೂ ತಮ್ಮ ಗತಿಯಲ್ಲಿ ಬೆಳೆಯುತ್ತಲೇ ಇರುತ್ತಾರೆ. ರಾತ್ರಿ ಎದ್ದೆದ್ದು ನೀರು ಕುಡಿಯುತ್ತಾನೆಯೇ, ಮತ್ತೆ ಮತ್ತೆ ಮೂತ್ರಕ್ಕೆ ಹೋಗುತ್ತಾನೆಯೇ? ಸಕ್ಕರೆ ಕಾಯಿಲೆ ಇಲ್ಲದೆಯೂ, ಈ ಭಾಗದ ಹಾರ್ಮೋನ್ ಕೊರತೆಯಿಂದ ಹಾಗಾಗುತ್ತದೆ. ಶಸ್ತ್ರಚಿಕಿತ್ಸೆಗೆ ಮುಂಚೆಯೇ ಇವೆರಡನ್ನೂ ವೈದ್ಯರಿಗೆ ಹೇಳಿ, ಹಾರ್ಮೋನ್ ರಕ್ತಪರೀಕ್ಷೆ ಆಗಿದೆಯೇ ಎಂದು ಕೇಳಿ.